ಪಾಳು ಹೊಲದಲ್ಲಿ ಮರ ನೆಟ್ಟ ಮೇಲೆ ಮಣ್ಣಿನ ಜೀವ ಮರಳಬೇಕಾದರೆ: ಮಾಡಬೇಕಾದ್ದು, ಅಳೆಯಬೇಕಾದ್ದು

ಬೇಸಾಯ ನಿಂತ ಹೊಲದಲ್ಲಿ ಸಸಿ ನೆಟ್ಟು ಮೂರು ನಾಲ್ಕು ವರ್ಷ ಕಾಪಾಡಿದರೆ ಮರವೇನೋ ಬರುತ್ತದೆ. ಮರದ ಬೆನ್ನಿಗೇ ಕಾಡಿನ ಮಣ್ಣೂ ಬಂತು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮೇಲಿನ 5 ಸೆಂ.ಮೀ. ಮಣ್ಣು ಹತ್ತು ವರ್ಷದೊಳಗೆ ಸಾಕಷ್ಟು ಬದಲಾಗಬಹುದು. 20 ಸೆಂ.ಮೀ. ಕೆಳಗೆ ಅಗೆದರೆ ಮಾತ್ರ ಹಲವು ದಶಕಗಳ ನಂತರವೂ ಸಿಗುವುದು ಹೊಲದ ಮಣ್ಣೇ. ಉಳುಮೆ, ಸುಣ್ಣ, ರಂಜಕದ ಗೊಬ್ಬರ ಬಿಟ್ಟುಹೋದ ಗುರುತು ಅಷ್ಟು ಗಟ್ಟಿ. ಫ್ರಾನ್ಸಿನ ಈಶಾನ್ಯ ಭಾಗದ ಕಾಡುಗಳಲ್ಲಿ ರೋಮನ್ನರ ಕಾಲದಲ್ಲಿ ಸಾಗುವಳಿಯಾಗಿದ್ದ ಜಾಗಗಳನ್ನು ಇವತ್ತಿಗೂ ಮಣ್ಣಿನ ರಂಜಕದಿಂದ, ನೆಲದಲ್ಲಿ ಬೆಳೆದ ಸಸ್ಯಗಳಿಂದ ಗುರುತಿಸಬಹುದು.

ಆದ್ದರಿಂದ ಈ ಕೆಲಸದಲ್ಲಿ ಸಸಿಯ ಆಯ್ಕೆಗಿಂತ ಮೊದಲು ಬರುವುದು ಹೊಲದ ಹಳೆಯ ಚರಿತ್ರೆ. ಅದನ್ನು ಓದಿ, ಅದಕ್ಕೆ ತಕ್ಕಂತೆ ಮೊದಲ ಮೂರು ವರ್ಷದ ಆರೈಕೆ ನಡೆದರೆ ಸೂಕ್ಷ್ಮಜೀವಿಗಳು ಬೇಗ ಸ್ಪಂದಿಸುತ್ತವೆ. ಓದದಿದ್ದರೆ ಮರ ಬೆಳೆದೂ ಮಣ್ಣು ನಿಂತಲ್ಲೇ ನಿಲ್ಲುತ್ತದೆ.

## ಹೊಲದ ಮಣ್ಣಿನಲ್ಲಿ ಯಾರಿದ್ದಾರೆ, ಯಾರಿಲ್ಲ

ವರ್ಷವರ್ಷವೂ ಉತ್ತ ಮಣ್ಣಿನಲ್ಲಿ ಮೊದಲು ಸೋಲುವುದು ಶಿಲೀಂಧ್ರ. ಮಣ್ಣಿನ ಕಣಗಳ ನಡುವೆ ಹರಡಿದ ಎಳೆಗಳ ಬಲೆಯೇ ಅದರ ದೇಹ. ನೇಗಿಲು ಹಾಯ್ದಾಗಲೆಲ್ಲ ಆ ಬಲೆ ಹರಿಯುತ್ತದೆ. ಬ್ಯಾಕ್ಟೀರಿಯಾಗೆ ಅಂಥ ಪೆಟ್ಟು ಬೀಳುವುದಿಲ್ಲ. ಉಳುಮೆಯಿಂದ ಒಡೆದ ಹೆಂಟೆಗಳೊಳಗಿನ ಸಾವಯವ ಪದಾರ್ಥ, ಗೊಬ್ಬರದಿಂದ ಬಂದ ಸಾರಜನಕ, ಎರಡೂ ಬೇಗ ಬೆಳೆಯುವ ಬ್ಯಾಕ್ಟೀರಿಯಾಗೆ ಅನುಕೂಲವೇ. ಹೀಗಾಗಿ ಹೊಲದ ಮಣ್ಣಿನಲ್ಲಿ ಬ್ಯಾಕ್ಟೀರಿಯಾದ ಪಾಲು ಹೆಚ್ಚು, ಶಿಲೀಂಧ್ರದ ಪಾಲು ಕಡಿಮೆ. ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಗುಂಪು ಚುರುಕಾಗಿರುತ್ತದೆ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಒಡೆಯಬಲ್ಲ ಬಿಳಿಕೊಳೆ ಶಿಲೀಂಧ್ರಗಳು ಬಲು ಅಪರೂಪ, ಏಕೆಂದರೆ ಅವುಗಳಿಗೆ ಬೇಕಾದ ಕಟ್ಟಿಗೆಯೇ ಅಲ್ಲಿ ಇರಲಿಲ್ಲ.

ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರಗಳ, ಅಂದರೆ ಮೈಕೊರೈಝಾಗಳ ಕಥೆ ಬೇರೆ. ಈ ಹೆಸರನ್ನು 1885ರಲ್ಲಿ ಕೊಟ್ಟವರು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಇವುಗಳಲ್ಲಿ ಎರಡು ದೊಡ್ಡ ಗುಂಪುಗಳಿವೆ. ಬೇರಿನ ಕೋಶದೊಳಗೆ ಹೊಕ್ಕು ಪೊದೆಯಂತೆ ಕವಲೊಡೆಯುವ ಅರ್ಬಸ್ಕುಲರ್ ಗುಂಪು ಬಹುತೇಕ ಬೆಳೆಗಳಲ್ಲೂ ಹುಲ್ಲುಗಳಲ್ಲೂ ಇರುವುದರಿಂದ ಪಾಳು ಹೊಲದಲ್ಲಿ ಎಷ್ಟೋ ಉಳಿದಿರುತ್ತದೆ. ಬೇರಿನ ತುದಿಗೆ ಹೊರಗಿನಿಂದ ಕವಚ ಹೊದಿಸುವ ಎಕ್ಟೋ ಗುಂಪಿಗೆ ಮಾತ್ರ ಕೆಲವೇ ಜಾತಿಯ ಮರಗಳು ಬೇಕು. ಬಹುಕಾಲ ಮರವೇ ಇಲ್ಲದ ಹೊಲದಲ್ಲಿ ಅದು ಉಳಿದಿರುವ ಸಂಭವ ಕಡಿಮೆ. ಪೋರ್ಟೊ ರಿಕೊದಲ್ಲಿ ಪೈನ್ ಸಸಿಗಳು ಹಲವು ಬಾರಿ ನೆಟ್ಟರೂ ಹಳದಿಯಾಗಿ ಸಾಯುತ್ತಿದ್ದವು. 1955ರಲ್ಲಿ ಪೈನ್ ಕಾಡಿನ ಮಣ್ಣು ತಂದು ಸೇರಿಸಿದ ಮೇಲೆಯೇ ಅವು ಕುದುರಿಕೊಂಡವು. ಆ ಸಸಿಗಳಿಗೆ ಇಲ್ಲದೆ ಹೋದದ್ದು ಬೇರಿನ ಜೊತೆಗಾರ ಶಿಲೀಂಧ್ರ.

## ನೆಡುವ ಮೊದಲು ತಿಳಿಯಬೇಕಾದ ನಾಲ್ಕು ಸಂಗತಿ

ಕೊನೆಯದಾಗಿ ಏನು ಬೆಳೆದಿದ್ದರು, ಬಿಟ್ಟು ಎಷ್ಟು ವರ್ಷವಾಯಿತು ಎಂದು ವಿಚಾರಿಸಿ. ಸಾಸಿವೆ, ಎಲೆಕೋಸು, ಮೂಲಂಗಿ, ಬೀಟ್‌ರೂಟ್, ಪಾಲಕ್ ಜಾತಿಯ ಬೆಳೆಗಳು ಮೈಕೊರೈಝಾ ಇಟ್ಟುಕೊಳ್ಳುವುದಿಲ್ಲ. ಇವನ್ನೇ ಒಂದರ ಹಿಂದೆ ಒಂದು ಬೆಳೆದ ಹೊಲದಲ್ಲಿ ಅರ್ಬಸ್ಕುಲರ್ ಶಿಲೀಂಧ್ರವೂ ಸೊರಗಿರುತ್ತದೆ. ಜೋಳ, ಮೆಕ್ಕೆಜೋಳ, ದ್ವಿದಳ ಧಾನ್ಯ ಬೆಳೆದು, ಆಮೇಲೆ ಕೆಲವು ವರ್ಷ ಹುಲ್ಲು ಬೆಳೆಯಲು ಬಿಟ್ಟ ಹೊಲದಲ್ಲಿ ಅದು ಧಾರಾಳವಾಗಿರುತ್ತದೆ.

ಎರಡನೆಯದು ರಂಜಕ. ಮಣ್ಣಿನಲ್ಲಿ ಗಿಡಕ್ಕೆ ಸಿಗುವ ರಂಜಕವನ್ನು ಅಳೆಯುವ ಓಲ್ಸನ್ ವಿಧಾನದಲ್ಲಿ ಪ್ರತಿ ಕಿಲೋ ಮಣ್ಣಿಗೆ 10 ಮಿ.ಗ್ರಾಂಗಿಂತ ಕಡಿಮೆ ಬಂದರೆ ಕೊರತೆ, 25 ದಾಟಿದರೆ ಹಳೆಯ ಗೊಬ್ಬರದ ಉಳಿಕೆ ಇದೆ ಎಂದರ್ಥ. ಹುಳಿ ಮಣ್ಣಾದರೆ ಪ್ರಯೋಗಾಲಯದಲ್ಲಿ ಬ್ರೇ ಎಂಬ ಇನ್ನೊಂದು ವಿಧಾನ ಕೇಳಿ, ಅದರ ಅಂಕಿಗಳನ್ನು ಓಲ್ಸನ್ ಅಂಕಿಗಳೊಂದಿಗೆ ಹೋಲಿಸಬೇಡಿ. ರಂಜಕ ಹೇರಳವಾಗಿ ಸಿಕ್ಕರೆ ಸಸಿ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಕೂಡುಬಾಳು ಕುದುರುವುದಿಲ್ಲ. ಇಂಥ ಹೊಲದಲ್ಲಿ ಸಸಿ ನೆಡುವ ಮೊದಲು ಒಂದೆರಡು ಹಂಗಾಮು ಹುಲ್ಲು ಬೆಳೆಸಿ, ಕೊಯ್ದು, ಹೊರಗೆ ಸಾಗಿಸುವುದು ಒಂದು ದಾರಿ. ರಂಜಕ ಇಳಿಯುವುದು ನಿಧಾನ, ಆದರೆ ಸುಲಭವಾಗಿ ಸಿಗುವ ನೈಟ್ರೇಟ್ ಬೇಗ ತಗ್ಗುತ್ತದೆ.

ಮೂರನೆಯದು ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ. ಮಣ್ಣಿನಲ್ಲಿ ಯಾವ ಬ್ಯಾಕ್ಟೀರಿಯಾಗಳು ನೆಲೆ ನಿಲ್ಲುತ್ತವೆ ಎಂಬುದನ್ನು ಇದರಷ್ಟು ಬಲವಾಗಿ ಹೇಳುವ ಅಳತೆ ಇನ್ನೊಂದಿಲ್ಲ. ಸುಣ್ಣ ಹಾಕಿದ ಹೊಲದ ಪಿಎಚ್ ಪಕ್ಕದ ಕಾಡಿಗಿಂತ ಒಂದು ಅಂಕವೇ ಮೇಲಿದ್ದರೆ ಬ್ಯಾಕ್ಟೀರಿಯಾ ಸಮುದಾಯ ಕಾಡಿನಂತಾಗಲು ಬಹಳ ಕಾಲ ಬೇಕು. ಆಮ್ಲ ಸುರಿದು ಅವಸರ ಮಾಡುವುದು ಬೇಡ. ಮರ ಬೆಳೆದಂತೆ ಅದು ತಾನಾಗಿ ನಿಧಾನಕ್ಕೆ ಇಳಿಯುತ್ತದೆ.

ನಾಲ್ಕನೆಯದು ನೇಗಿಲಿನ ತಳದ ಗಟ್ಟಿ ಪದರ. ಸಾಮಾನ್ಯವಾಗಿ 15ರಿಂದ 30 ಸೆಂ.ಮೀ. ಆಳದಲ್ಲಿರುತ್ತದೆ. ಮಣ್ಣು ಹದವಾಗಿ ಒದ್ದೆಯಿರುವಾಗ ಮೊನಚು ಕಬ್ಬಿಣದ ಸರಳನ್ನು ಒತ್ತಿ ನೋಡಿ. ಒಂದು ಆಳದಲ್ಲಿ ಥಟ್ಟನೆ ತಡೆದು, ಅದನ್ನು ದಾಟಿದ ಮೇಲೆ ಮತ್ತೆ ಸಲೀಸಾಗಿ ಇಳಿದರೆ ಅದೇ ಆ ಪದರ. ಮಣ್ಣಿನ ಗಟ್ಟಿತನ ಅಳೆಯುವ ಪೆನೆಟ್ರೋಮೀಟರ್ ಇದ್ದರೆ 2 ಮೆಗಾಪಾಸ್ಕಲ್ ಮೀರಿದಲ್ಲಿ ಬೇರು ಇಳಿಯುವುದು ಕಷ್ಟ ಎಂದು ತಿಳಿಯಿರಿ. ಬೇರು ಇಳಿಯದ ಕಡೆ ಅದರ ಸೂಕ್ಷ್ಮಜೀವಿಗಳೂ ಇಳಿಯುವುದಿಲ್ಲ. ಗಟ್ಟಿ ಪದರ ಸಿಕ್ಕರೆ ಮಣ್ಣು ಒಣಗಿರುವಾಗ, ಸಮಪಾತಳಿ ಗೆರೆಯಲ್ಲಿ, ಸಸಿ ಸಾಲುಗಳಲ್ಲಿ ಮಾತ್ರ 40–50 ಸೆಂ.ಮೀ. ಆಳಕ್ಕೆ ಸೀಳಿ. ಒಂದೇ ಸಲ ಸೀಳಬೇಕು, ಮಣ್ಣನ್ನು ಮಗುಚಬಾರದು. ಒದ್ದೆ ಮಣ್ಣಿನಲ್ಲಿ ಸೀಳಿದರೆ ಕತ್ತಿ ಹಾದ ಗೋಡೆ ಮೆತ್ತಿಕೊಂಡು ಇನ್ನೊಂದು ಗಟ್ಟಿ ಪದರವಾಗುತ್ತದೆ. ಇಡೀ ಹೊಲವನ್ನು ಮತ್ತೊಮ್ಮೆ ಉತ್ತರೆ ಪಾಳು ಬಿಟ್ಟ ವರ್ಷಗಳಲ್ಲಿ ಕೂಡಿದ ಶಿಲೀಂಧ್ರದ ಬಲೆಯೆಲ್ಲ ಹೋಗುತ್ತದೆ. ಇದು ಎಲ್ಲ ಕಡೆ ಕಾಣುವ ತಪ್ಪು, ಮತ್ತು ಸುಲಭವಾಗಿ ತಪ್ಪಿಸಬಹುದಾದದ್ದು.

## ಮರಕ್ಕೆ ತಕ್ಕ ಜೊತೆಗಾರ

ಪೈನ್, ಓಕ್, ಬೀಚ್, ಸಾಲ್ ಮರಗಳಿಗೆ ಎಕ್ಟೋ ಗುಂಪು ಬೇಕು. ತೇಗ, ಬೇವು, ಮಾವು, ಮೇಪಲ್, ಆ್ಯಶ್ ಹಾಗೂ ಉಷ್ಣವಲಯದ ಬಹುಪಾಲು ಮರಗಳಿಗೆ ಅರ್ಬಸ್ಕುಲರ್ ಸಾಕು. ನೀಲಗಿರಿ ಎರಡನ್ನೂ ಇಟ್ಟುಕೊಳ್ಳುತ್ತದೆ. ಜಾಲಿ, ಹೊಂಗೆ, ಗ್ಲಿರಿಸಿಡಿಯಾ ಬೇರುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುತ್ತದೆ. ಗಾಳಿಮರ ಮತ್ತು ಆಲ್ಡರ್ ಮರಗಳಲ್ಲಿ ಆ ಕೆಲಸ ಫ್ರಾಂಕಿಯಾ ಎಂಬ ಎಳೆಯಾಕಾರದ ಬ್ಯಾಕ್ಟೀರಿಯಾದ್ದು. ದ್ವಿದಳ ಕುಟುಂಬದ ಮರವೆಲ್ಲ ಸಾರಜನಕ ಹಿಡಿಯುತ್ತದೆ ಎಂದು ಭಾವಿಸಬೇಡಿ. ಹುಣಸೆ, ಕಕ್ಕೆ ಎರಡೂ ಅದೇ ಕುಟುಂಬದವು, ಆದರೆ ಗಂಟು ಕಟ್ಟುವುದಿಲ್ಲ.

ಒಂದೇ ಜಾತಿ ನೆಟ್ಟರೆ ತರಗೆಲೆಯೂ ಒಂದೇ ಬಗೆ, ಅದನ್ನು ಕೊಳೆಯಿಸುವ ಜೀವಿಗಳೂ ಕೆಲವೇ ಬಗೆ. ಬೇಗ ಕೊಳೆಯುವ ತೆಳು ಎಲೆಯ ಜಾತಿ, ನಿಧಾನವಾಗಿ ಕೊಳೆಯುವ ದಪ್ಪ ಎಲೆಯ ಜಾತಿ ಎರಡೂ ಇರಲಿ. ಸಾರಜನಕ ಹಿಡಿಯುವ ಮರಗಳು ಐದರಲ್ಲಿ ಒಂದರಷ್ಟಿದ್ದರೆ ಸಾಕು ಎಂಬುದು ನಮ್ಮ ಅಭಿಪ್ರಾಯ. ಸವೆದ, ಸಾರಜನಕವಿಲ್ಲದ ನೆಲದಲ್ಲಿ ಹೆಚ್ಚಿಸಬಹುದು. ಗೊಬ್ಬರ ತಿಂದು ಕೊಬ್ಬಿದ ಹೊಲದಲ್ಲಿ ಅವೇ ತುಂಬಿದರೆ ನೈಟ್ರೇಟ್ ಕೆಳಕ್ಕೆ ಸೋರುತ್ತದೆ, ಮಣ್ಣು ಹುಳಿಯಾಗುತ್ತದೆ, ನೈಟ್ರಸ್ ಆಕ್ಸೈಡ್ ಅನಿಲವೂ ಹೆಚ್ಚು ಹೊರಬೀಳುತ್ತದೆ.

ನೀರಿನ ಲೆಕ್ಕವೂ ಬೇಕು. ಚೀನಾದ ಲೋಯೆಸ್ ಪ್ರಸ್ಥಭೂಮಿಯಲ್ಲಿ 1999ರಿಂದ ಇಳಿಜಾರು ಹೊಲಗಳನ್ನು ಬಿಡಿಸಿ ವಿಸ್ತಾರವಾಗಿ ಮರ ನೆಡಲಾಯಿತು. ಅಲ್ಲಿ ಬಹಳ ಬಳಕೆಯಾದ ರೊಬಿನಿಯಾ ಮರದ ಕೆಳಗೆ ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ಹೆಚ್ಚಿದವು, ಕಿಣ್ವಗಳು ಚುರುಕಾದವು. ಅದೇ ವೇಳೆಗೆ ಒತ್ತಾಗಿ ನೆಟ್ಟ ಒಣ ಭಾಗಗಳಲ್ಲಿ ಬೇರುಗಳು ಆಳದ ತೇವವನ್ನು ಬರಿದು ಮಾಡಿದವು. ಒಣಗಿದ ಮಣ್ಣಿನಲ್ಲಿ ಸೂಕ್ಷ್ಮಜೀವಿ ನಿದ್ದೆಗೆ ಜಾರುತ್ತದೆ. ಮಳೆ ಕಡಿಮೆಯ ಕಡೆ ಸಸಿಗಳ ಅಂತರ 2×2 ಮೀಟರಿಗೆ ಆಸೆಪಡದೆ 3×3 ಅಥವಾ 4×4 ಇಡಿ.

## ಕಾಡಿನ ಮಣ್ಣು ತಂದು ಸೇರಿಸುವುದು

ಯಾವಾಗಲೂ ಬೇಕಾಗುವ ಕೆಲಸವಲ್ಲ ಇದು. ಹೊಲದ ಅಂಚಿಗೇ ಹಳೆಯ ಕಾಡು ಇದ್ದರೆ ಬೀಜಕಣಗಳು ಗಾಳಿಯಲ್ಲಿ, ಪ್ರಾಣಿಗಳ ಕಾಲಲ್ಲಿ ಬರುತ್ತವೆ. ಅಂಚಿನ ಮರದ ಬೇರುಗಳಿಂದ ಎಳೆಗಳು ನೇರವಾಗಿಯೇ ಹಬ್ಬುತ್ತವೆ. ಕಾಡು ದೂರವಿದ್ದಾಗ, ಎಕ್ಟೋ ಗುಂಪಿನ ಮರ ನೆಡುವಾಗ, ಮೇಲ್ಮಣ್ಣು ಕೊಚ್ಚಿಹೋಗಿರುವಾಗ ಮಾತ್ರ ಮಣ್ಣು ತಂದರೆ ಪ್ರಯೋಜನ. ನೆದರ್‌ಲ್ಯಾಂಡ್ಸ್‌ನಲ್ಲಿ ಹಳೆಯ ಹೊಲವೊಂದರ ಮೇಲ್ಮಣ್ಣು ತೆಗೆದು, ಬೇರೆಡೆಯಿಂದ ತಂದ ಮಣ್ಣನ್ನು 1 ಸೆಂ.ಮೀ.ಗಿಂತಲೂ ತೆಳುವಾಗಿ ಹರಡಿದರು. ಕೆಲವೇ ವರ್ಷಗಳಲ್ಲಿ ಹುಲ್ಲುಗಾವಲಿನ ಮಣ್ಣು ಬಿದ್ದಲ್ಲಿ ಹುಲ್ಲುಗಾವಲಿನತ್ತ, ಹೀತ್ ಕುರುಚಲಿನ ಮಣ್ಣು ಬಿದ್ದಲ್ಲಿ ಹೀತ್‌ನತ್ತ ಸಸ್ಯಗಳು ತಿರುಗಿದವು. ಅಷ್ಟು ಕಡಿಮೆ ಮಣ್ಣು ಸಾಕು, ಆದರೆ ಎಲ್ಲಿಂದ ತಂದಿರಿ ಎಂಬುದು ಮುಖ್ಯ.

ನೀವು ನೆಡುವ ಜಾತಿಯೇ ಬೆಳೆದಿರುವ, ರೋಗವಿಲ್ಲದ, ಪಿಎಚ್ ಹತ್ತಿರವಿರುವ ಹಳೆಯ ತೋಪನ್ನು ಆರಿಸಿ. ಅನುಮತಿ ಬೇಕಾದ ಕಡೆ ಪಡೆದೇ ಮುಂದುವರಿಯಿರಿ. ತರಗೆಲೆ ಸರಿಸಿ, ಅದರ ಕೆಳಗಿನ 10 ಸೆಂ.ಮೀ. ಮಣ್ಣನ್ನು ಎಳೆಬೇರುಗಳ ಸಮೇತ ತೆಗೆಯಿರಿ. ಒಂದು ಕಡೆಯಿಂದ 30×30 ಸೆಂ.ಮೀ.ಗಿಂತ ಹೆಚ್ಚು ಬೇಡ, ತೆಗೆದ ಗುಣಿಗೆ ತರಗೆಲೆ ಮರಳಿ ಮುಚ್ಚಿ. ಗೋಣಿಚೀಲದಲ್ಲಿ, ನೆರಳಲ್ಲಿ, ಒದ್ದೆಯಾಗಿಟ್ಟು 48 ಗಂಟೆಯೊಳಗೆ ಬಳಸಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗೆ ಬಿಟ್ಟರೆ ಒಳಗಿನ ಬಿಸಿಗೆ ಎಳೆಗಳು ಸತ್ತು, ನೀವು ಹೊತ್ತು ತಂದದ್ದು ಬರೀ ಮಣ್ಣಾಗುತ್ತದೆ.

ಗುಂಡಿಗೆ ಹಾಕಬೇಕೋ, ನರ್ಸರಿಯಲ್ಲೇ ಸೇರಿಸಬೇಕೋ? ಲೆಕ್ಕ ಹಾಕಿ ನೋಡಿ. 3×3 ಮೀಟರಿನಲ್ಲಿ ಹೆಕ್ಟೇರಿಗೆ 1,111 ಸಸಿ. ಗುಂಡಿಗೆ 200 ಗ್ರಾಂನಂತೆ 222 ಕಿಲೋ ಮಣ್ಣು ಬೇಕು. ಒಂದು ಗುಣಿಯಿಂದ ಸುಮಾರು 9 ಕಿಲೋ ಸಿಗುತ್ತದೆಂದರೆ ಕಾಡಿನಲ್ಲಿ 25 ಕಡೆ ಅಗೆಯಬೇಕು. ನರ್ಸರಿಯಲ್ಲಿ 1 ಲೀಟರ್ ಚೀಲದ ಮಿಶ್ರಣಕ್ಕೆ ಶೇ 5ರಷ್ಟು, ಅಂದರೆ 50 ಮಿ.ಲೀ. ಸೇರಿಸಿದರೆ ಅದೇ ಸಂಖ್ಯೆಯ ಸಸಿಗೆ 56 ಲೀಟರ್ ಸಾಕು, ಆರೇಳು ಗುಣಿ. ಜೊತೆಗೆ ಸಸಿ ಹೊಲಕ್ಕೆ ಹೋಗುವಾಗಲೇ ಬೇರಿನಲ್ಲಿ ಶಿಲೀಂಧ್ರ ಹಿಡಿದಿರುತ್ತದೆ. ಹೊಲದಲ್ಲಿ ಕಾದಿರುವ ಜೀವಿಗಳೊಡನೆ ಸ್ಪರ್ಧೆಗೆ ಇಳಿಯುವ ಮೊದಲೇ ಜಾಗ ಸಿಕ್ಕಂತೆ. ನರ್ಸರಿಯ ದಾರಿಯೇ ಮೇಲು.

ಅರ್ಬಸ್ಕುಲರ್ ಗುಂಪನ್ನು ಇನ್ನೂ ಕಡಿಮೆ ಮಣ್ಣಿನಿಂದ ಹೆಚ್ಚಿಸಬಹುದು. ಹಬೆಯಲ್ಲಿ ಅಥವಾ ಬಿಸಿಲಿನ ಪ್ಲಾಸ್ಟಿಕ್ ಹೊದಿಕೆಯಡಿ ಶುದ್ಧಿ ಮಾಡಿದ ಮರಳು-ಮಣ್ಣಿನ ಮಿಶ್ರಣ 9 ಪಾಲಿಗೆ ಕಾಡಿನ ಮಣ್ಣು 1 ಪಾಲು ಬೆರೆಸಿ ಕುಂಡಗಳಲ್ಲಿ ಜೋಳ ಅಥವಾ ಮೆಕ್ಕೆಜೋಳ ಬಿತ್ತಿ. ರಂಜಕದ ಗೊಬ್ಬರ ಕೊಡದೆ ಮೂರು ನಾಲ್ಕು ತಿಂಗಳು ಬೆಳೆಸಿ, ಆಮೇಲೆ ನೀರು ನಿಲ್ಲಿಸಿ ಎರಡು ವಾರ ಒಣಗಲು ಬಿಡಿ. ಒಣಗುವಾಗ ಶಿಲೀಂಧ್ರ ಬೀಜಕಣ ಕಟ್ಟುತ್ತದೆ. ಗಿಡದ ಮೇಲ್ಭಾಗ ಕತ್ತರಿಸಿ, ಬೇರುಗಳನ್ನು 1 ಸೆಂ.ಮೀ. ತುಂಡು ಮಾಡಿ ಅದೇ ಮಿಶ್ರಣಕ್ಕೆ ಕಲಸಿದರೆ ಅದೇ ಹೆಪ್ಪು. ಎಕ್ಟೋ ಗುಂಪಿಗೆ ಈ ವಿಧಾನ ಸಲ್ಲದು, ಅದು ಜೋಳದ ಬೇರಿಗೆ ಹಿಡಿಯುವುದಿಲ್ಲ.

ಅಪಾಯವನ್ನೂ ಹೇಳಲೇಬೇಕು. ಕಾಡಿನ ಮಣ್ಣಿನೊಂದಿಗೆ ಫೈಟೊಫ್ತೊರಾ, ಆರ್ಮಿಲೇರಿಯಾ, ಗ್ಯಾನೊಡರ್ಮಾದಂಥ ಬೇರುಕೊಳೆ ರೋಗಗಳು, ಜಂತುಹುಳು, ಕಳೆಬೀಜ ಎಲ್ಲ ಬರಬಹುದು. ಮರಗಳ ತುದಿ ಒಣಗುತ್ತಿರುವ, ಬುಡದಲ್ಲಿ ಗಟ್ಟಿ ಕಪಾಟಿನಂಥ ಅಣಬೆ ಇರುವ, ನೀರು ನಿಲ್ಲುವ ಜಾಗದಿಂದ ತರಬೇಡಿ. ದೂರದ ಪ್ರದೇಶದಿಂದ ತರುವುದಂತೂ ಸಲ್ಲ. ಅಂಗಡಿಯಲ್ಲಿ ಸಿಗುವ ಮೈಕೊರೈಝಾ ಪುಡಿ ಕೊಳ್ಳುವುದಾದರೆ ಮೊದಲು ಇಪ್ಪತ್ತು ಸಸಿಗೆ ಹಾಕಿ, ಇಪ್ಪತ್ತಕ್ಕೆ ಹಾಕದೆ, ಎರಡು ತಿಂಗಳ ನಂತರ ಬೇರು ನೋಡಿ ತೀರ್ಮಾನಿಸಿ. ಅವುಗಳಲ್ಲಿ ಎಷ್ಟೋ ಬಳಸುವ ಹೊತ್ತಿಗೆ ಸತ್ತಿರುತ್ತವೆ, ಇಲ್ಲವೇ ಸ್ಥಳೀಯ ಜೀವಿಗಳ ಎದುರು ನಿಲ್ಲುವುದಿಲ್ಲ.

## ಬೇರಿಗೆ ಹಿಡಿದಿದೆಯೇ ಎಂದು ನೋಡುವ ಬಗೆ

ಎಕ್ಟೋ ಗುಂಪಾದರೆ 10 ಪಟ್ಟು ದೊಡ್ಡದು ಮಾಡುವ ಕೈಮಸೂರ ಸಾಕು. ಹಿಡಿದ ಬೇರುತುದಿ ಮೋಟಾಗಿ, ಉಬ್ಬಿ, ಬಿಳಿ, ಹಳದಿ ಅಥವಾ ಕಂದು ಕವಚ ಹೊದ್ದಿರುತ್ತದೆ, ಬೇರುರೋಮ ಇರುವುದಿಲ್ಲ. ಪೈನ್‌ನಲ್ಲಿ ತುದಿ ಇಬ್ಬಾಗವಾಗಿ ಕವೆಯಂತೆ ಕಾಣುತ್ತದೆ.

ಅರ್ಬಸ್ಕುಲರ್ ಹೊರಗಿನಿಂದ ಕಾಣದು, ಬಣ್ಣ ಹಾಕಬೇಕು. ಎಳೆಬೇರು ತೊಳೆದು ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 90 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ 30ರಿಂದ 60 ನಿಮಿಷ ಇಡಿ. ಮರದ ಬೇರು ಕಪ್ಪಗೇ ಉಳಿದರೆ ಕ್ಷಾರೀಯ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 10–20 ನಿಮಿಷ ಬಿಟ್ಟರೆ ಬಿಳಿಚುತ್ತದೆ. ನೀರಲ್ಲಿ ತೊಳೆದು, ಶೇ 1ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ. ನಂತರ ವಿನೆಗರ್‌ಗೆ ಶೇ 5ರಷ್ಟು ಕಪ್ಪು ಪೆನ್ನಿನ ಶಾಯಿ ಬೆರೆಸಿ ಮೂರು ನಿಮಿಷ ಕುದಿಸಿ. ಕೊನೆಗೆ ನಾಲ್ಕು ಹನಿ ವಿನೆಗರ್ ಹಾಕಿದ ನೀರಿನಲ್ಲಿ 20 ನಿಮಿಷ ಬಿಟ್ಟರೆ ಹೆಚ್ಚಿನ ಬಣ್ಣ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ 100ರಿಂದ 400 ಪಟ್ಟಿನಲ್ಲಿ ಕಡುನೀಲಿ ಎಳೆ, ದುಂಡು ಚೀಲ, ಕೋಶದೊಳಗಿನ ಪುಟ್ಟ ಪೊದೆ ಕಾಣುತ್ತವೆ. ನೂರು ಕಡೆ ನೋಡಿ ಎಷ್ಟರಲ್ಲಿ ಇದೆ ಎಂದು ಎಣಿಸಿದರೆ ಅದೇ ಶೇಕಡಾವಾರು. ಬರೀ ಎಳೆ ಕಂಡರೆ ನಂಬಬೇಡಿ, ಕೊಳೆಸುವ ಶಿಲೀಂಧ್ರವೂ ಬೇರಿನಲ್ಲಿ ಇರುತ್ತದೆ. ಪೊದೆ ಅಥವಾ ಚೀಲ ಕಂಡದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ರೈಜೋಬಿಯಂ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪಾಗಿದ್ದರೆ ಕೆಲಸ ಮಾಡುತ್ತಿದೆ. ಹಸಿರು, ಕಂದು ಆಗಿದ್ದರೆ ಮುದಿಯಾಗಿದೆ, ಬೆಳ್ಳಗಿದ್ದರೆ ಎಳೆಯದು ಅಥವಾ ನಿಷ್ಕ್ರಿಯ.

## ಮೊದಲ ಮೂರು ವರ್ಷ

45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೋಡಿ, ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ, ತುಂಬುವಾಗ ಅದು ಬೇರಿನ ಸುತ್ತ ಬರುವಂತೆ ನೋಡಿಕೊಳ್ಳಿ. ಜೀವ ಇರುವುದು ಆ ಮಣ್ಣಿನಲ್ಲೇ. ಗುಂಡಿಗೆ ರಂಜಕದ ಗೊಬ್ಬರ ಬೇಡ. ಕಟ್ಟಿಗೆ ಪುಡಿಯನ್ನು ಮಣ್ಣಿಗೆ ಬೆರೆಸಲೇಬೇಡಿ. ಅದರಲ್ಲಿ ಇಂಗಾಲ ಸಾರಜನಕಕ್ಕಿಂತ ನೂರಾರು ಪಟ್ಟು ಹೆಚ್ಚು. ಅದನ್ನು ತಿನ್ನಲು ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನೆಲ್ಲ ಹೀರಿ ಸಸಿ ಹಳದಿಯಾಗುತ್ತದೆ. ಅದೇ ಪುಡಿ, ಒಣಹುಲ್ಲು, ಕತ್ತರಿಸಿದ ಕೊಂಬೆ ಮೇಲ್ಮುಚ್ಚಿಗೆಯಾಗಿ 5–8 ಸೆಂ.ಮೀ. ದಪ್ಪ ಹರಡಿದರೆ ಒಳ್ಳೆಯದೇ. ಕಾಂಡದಿಂದ 10 ಸೆಂ.ಮೀ. ದೂರ ಬಿಡಿ.

ಕಳೆಯನ್ನು ಸಸಿಯ ಸುತ್ತ ಅರ್ಧ ಮೀಟರಿನಲ್ಲಿ ಮಾತ್ರ ಕೊಯ್ದು ಅಲ್ಲೇ ಹಾಸಿ. ಸಾಲುಗಳ ನಡುವಿನ ಹುಲ್ಲು ಉಳಿಯಲಿ. ಅದರ ಜೀವಂತ ಬೇರೇ ಅರ್ಬಸ್ಕುಲರ್ ಶಿಲೀಂಧ್ರವನ್ನು ಮುಂದಿನ ವರ್ಷಕ್ಕೆ ದಾಟಿಸುವುದು. ರೋಟವೇಟರ್ ಹಾಯಿಸಿ ಅಂಗಳದಂತೆ ಚೊಕ್ಕ ಮಾಡಿದ ತೋಪು ಕಣ್ಣಿಗೆ ಚೆನ್ನಾಗಿ ಕಂಡರೂ ಮಣ್ಣಿಗೆ ಅದು ಮತ್ತೊಂದು ಉಳುಮೆಯೇ. ತರಗೆಲೆ ಗುಡಿಸಬೇಡಿ, ಸುಡಬೇಡಿ, ದನ ಬಿಡಬೇಡಿ. ಒಳಸೇರುವ ಶಿಲೀಂಧ್ರನಾಶಕಗಳನ್ನು ಮಣ್ಣಿಗೆ ಸುರಿಯುವ ಅಭ್ಯಾಸ ನರ್ಸರಿಯಲ್ಲೇ ನಿಲ್ಲಬೇಕು.

## ಯಾವಾಗ ಏನು ಬದಲಾಗುತ್ತದೆ

ಮೊದಲ ಒಂದೆರಡು ವರ್ಷ ಬಹುಪಾಲು ಬದಲಾವಣೆ ಉಳುಮೆ ನಿಂತದ್ದರಿಂದ ಬರುತ್ತದೆ, ಮರದಿಂದಲ್ಲ. ಮಣ್ಣಿನ ಸಾವಯವ ಇಂಗಾಲ ಈ ಹಂತದಲ್ಲಿ ಏರುವುದಿರಲಿ, ಇಳಿಯಲೂಬಹುದು. ಗುಂಡಿ ತೋಡಿದ್ದರಿಂದ ಹಳೆಯದು ಕೊಳೆಯುತ್ತದೆ, ಸಸಿಯಿಂದ ಬರುವ ಹೊಸ ತರಗೆಲೆ ಇನ್ನೂ ಸಾಲದು. ಈ ಇಳಿತ ಐದಾರು ವರ್ಷದವರೆಗೂ ಕಂಡರೆ ಗಾಬರಿಯಾಗಬೇಡಿ.

ತಲೆಗೆ ತಲೆ ಕೂಡಿ ನೆರಳು ಮುಚ್ಚಿದಾಗ ನಿಜವಾದ ತಿರುವು. ಮಣ್ಣಿನ ತಾಪದ ಏರಿಳಿತ ತಗ್ಗುತ್ತದೆ, ತರಗೆಲೆ ಪದರ ನಿಲ್ಲುತ್ತದೆ, ಶಿಲೀಂಧ್ರದ ಪಾಲು ಏರುತ್ತದೆ. ಮೊದಲು ಚುರುಕಾಗುವುದು ಸೂಕ್ಷ್ಮಜೀವಿಗಳ ಉಸಿರಾಟ ಮತ್ತು ಕಿಣ್ವಗಳು, ನಂತರ ಹೆಚ್ಚುವುದು ಒಟ್ಟು ಜೀವರಾಶಿ, ಅಂದರೆ ಅವುಗಳ ಒಟ್ಟು ತೂಕ, ಕೊನೆಗೆ ಬದಲಾಗುವುದು ಸಮುದಾಯದ ಜಾತಿಗಳು. ಅಣಬೆಗಳಲ್ಲೂ ಈ ಕ್ರಮ ಕಾಣುತ್ತದೆ. ಎಳೆಯ ಎಕ್ಟೋ ಮರಗಳ ಕೆಳಗೆ ಲಕ್ಕೇರಿಯಾ, ಹೆಬೆಲೋಮಾ, ಪಿಸೊಲಿತಸ್ ಬರುತ್ತವೆ. ರಸುಲಾ, ಅಮಾನಿಟಾ, ಕಾರ್ಟಿನೇರಿಯಸ್ ಹೆಚ್ಚುವುದು ಮರ ಬಲಿತ ಮೇಲೆ. ಎಲ್ಲಕ್ಕಿಂತ ತಡವಾಗಿ ಮರಳುವ ಗುಂಪುಗಳಲ್ಲಿ ಗಾಳಿಯ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಒಂದು. ಬೇಸಾಯ ಬಿಟ್ಟ ನೆಲದಲ್ಲಿ ಆ ಶಕ್ತಿ ಪೂರ್ತಿ ಮರಳಲು ನೂರು ವರ್ಷವೂ ಹಿಡಿಯಬಹುದು.

## ಅಳೆಯುವುದು

ಮರ ನೆಟ್ಟ ಜಾಗವನ್ನು ಮಾತ್ರ ಅಳೆದರೆ ಏನೂ ತಿಳಿಯುವುದಿಲ್ಲ. ಅದೇ ಬಗೆಯ ಮಣ್ಣಿನ, ಮರ ನೆಡದೆ ಪಾಳು ಬಿಟ್ಟ ತುಂಡೊಂದು, ಇನ್ನೂ ಉಳುತ್ತಿರುವ ಹೊಲವೊಂದು, ಹಳೆಯ ಕಾಡೊಂದು, ಇಷ್ಟೂ ಬೇಕು. ಮೊದಲನೆಯದನ್ನು ಬಿಟ್ಟರೆ ಪಾಳು ಬಿದ್ದದ್ದರ ಫಲವನ್ನು ಮರದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಪ್ರತಿಯೊಂದರಲ್ಲೂ ಕನಿಷ್ಠ ನಾಲ್ಕು ಕಡೆ 10×10 ಮೀಟರಿನ ಚೌಕ ಗುರುತಿಸಿ, ಚೌಕಕ್ಕೆ 8–10 ಕಡೆಯಿಂದ ಮಣ್ಣು ತೆಗೆದು ಬೆರೆಸಿ. ತರಗೆಲೆ ಪದರ ಪ್ರತ್ಯೇಕ, 0–5, 5–20 ಸೆಂ.ಮೀ. ಪ್ರತ್ಯೇಕ. 0–20 ಸೆಂ.ಮೀ. ಒಟ್ಟಿಗೆ ತೆಗೆದರೆ ಮೇಲಿನ 5 ಸೆಂ.ಮೀ.ನ ಬದಲಾವಣೆ ಕೆಳಗಿನ ಮಣ್ಣಿನಲ್ಲಿ ಕರಗಿಹೋಗುತ್ತದೆ. ಪ್ರತಿ ಸಲ ಒಂದೇ ಹಂಗಾಮು, ಸರಿಸುಮಾರು ಒಂದೇ ತೇವ. ಮಳೆ ಬಿದ್ದ ಮರುದಿನ ಬೇಡ, ಒಣಗಿದ ಮಣ್ಣು ನೆನೆದಾಗ ಉಸಿರಾಟ ಒಮ್ಮೆಲೇ ಜಿಗಿದು ಅಂಕಿ ಕೆಡುತ್ತದೆ. ತಂಪು ಪೆಟ್ಟಿಗೆಯಲ್ಲಿ ತಂದು, 2 ಮಿ.ಮೀ. ಜರಡಿ ಹಿಡಿದು, 4 ಡಿಗ್ರಿಯಲ್ಲಿಟ್ಟು ಒಂದೆರಡು ವಾರದೊಳಗೆ ಪರೀಕ್ಷಿಸಿ. ಡಿಎನ್‌ಎಗೆ ಬೇಕಾದ ಭಾಗವನ್ನು ತೆಗೆದ ಕೂಡಲೇ ಘನೀಕರಿಸಿ.

ಸಣ್ಣ ಪ್ರಯೋಗಾಲಯದಲ್ಲೂ ಆಗುವ ಉಸಿರಾಟ ಪರೀಕ್ಷೆ ಹೀಗೆ. ಒಣತೂಕದ ಲೆಕ್ಕದಲ್ಲಿ 50 ಗ್ರಾಂ ಮಣ್ಣನ್ನು ಅದು ಹಿಡಿಯಬಲ್ಲ ನೀರಿನ ಅರ್ಧದಷ್ಟು ತೇವಕ್ಕೆ ತಂದು, 25 ಡಿಗ್ರಿಯಲ್ಲಿ ಒಂದು ವಾರ ಸುಮ್ಮನೆ ಬಿಡಿ. ಜರಡಿ ಹಿಡಿದ ಗದ್ದಲ ಇಳಿಯಲು ಅಷ್ಟು ಸಮಯ ಬೇಕು. ಆಮೇಲೆ 1 ಲೀಟರ್ ಬಿಗಿ ಮುಚ್ಚಳದ ಬಾಟಲಿಯಲ್ಲಿ ಮಣ್ಣು, ಪಕ್ಕದಲ್ಲಿ ಪುಟ್ಟ ಲೋಟದಲ್ಲಿ 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 20 ಮಿ.ಲೀ. ಇಟ್ಟು ಕತ್ತಲಲ್ಲಿ ಏಳು ದಿನ ಬಿಡಿ. ಮಣ್ಣಿಲ್ಲದ ಮೂರು ಬಾಟಲಿಗಳೂ ಜೊತೆಗಿರಲಿ. ಏಳನೆಯ ದಿನ ಆ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಹೆಚ್ಚಾಗಿಯೇ ಹಾಕಿ. ಹಿಡಿದಿಟ್ಟ ಇಂಗಾಲದ ಡೈ ಆಕ್ಸೈಡ್ ಬಿಳಿ ಗಸಿಯಾಗಿ ಕೂರುತ್ತದೆ. ಬೇರಿಯಂ ವಿಷ, ಕೈಗವಸು ಬೇಕು, ಚರಂಡಿಗೆ ಸುರಿಯಬಾರದು. ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಗುಲಾಬಿ ಬಣ್ಣ ಮಾಯವಾಗುವವರೆಗೆ ಟೈಟ್ರೇಟ್ ಮಾಡಿ, ಅಂದರೆ ಹನಿಹನಿಯಾಗಿ ಸೇರಿಸಿ ಎಷ್ಟು ಹಿಡಿಯಿತೆಂದು ಅಳೆಯಿರಿ.

ಖಾಲಿ ಬಾಟಲಿಗೆ 19.6 ಮಿ.ಲೀ., ಮಣ್ಣಿದ್ದದ್ದಕ್ಕೆ 17.2 ಮಿ.ಲೀ. ಆಮ್ಲ ಹಿಡಿಯಿತು ಎನ್ನಿ. ವ್ಯತ್ಯಾಸ 2.4. ಅದನ್ನು ಆಮ್ಲದ ಸಾಂದ್ರತೆಯಾದ 0.5ರಿಂದ, ಮತ್ತೆ ಇಂಗಾಲದ ಸಮಾನತೂಕವಾದ 6ರಿಂದ ಗುಣಿಸಿದರೆ 7.2 ಮಿ.ಗ್ರಾಂ ಇಂಗಾಲ. 50 ಗ್ರಾಂ ಮಣ್ಣಿಗೆ ಏಳು ದಿನದಲ್ಲಿ ಇಷ್ಟೆಂದರೆ ಕಿಲೋಗೆ ದಿನಕ್ಕೆ 20.6 ಮಿ.ಗ್ರಾಂ. ಖಾಲಿ ಬಾಟಲಿಯ ಅಂಕಿಗಳೇ ಒಂದಕ್ಕೊಂದು 0.2 ಮಿ.ಲೀ.ಗಿಂತ ಹೆಚ್ಚು ಬೇರೆಯಾದರೆ ಮುಚ್ಚಳ ಸೋರುತ್ತಿದೆ ಅಥವಾ ಹೈಡ್ರಾಕ್ಸೈಡ್ ಹಳೆಯದು. ಇಡೀ ತಂಡವನ್ನೇ ಮತ್ತೆ ಮಾಡಿ.

ಜೀವರಾಶಿಯ ಇಂಗಾಲವನ್ನು ಕ್ಲೋರೋಫಾರ್ಮ್ ಹೊಗೆ ವಿಧಾನದಲ್ಲಿ ಸಜ್ಜಿತ ಪ್ರಯೋಗಾಲಯದಲ್ಲೇ ಮಾಡಿಸಿ. 24 ಗಂಟೆ ಹೊಗೆಗೆ ಒಡ್ಡಿದ, ಒಡ್ಡದ ಮಣ್ಣುಗಳಿಂದ 0.5 ಮೋಲಾರ್ ಪೊಟ್ಯಾಸಿಯಂ ಸಲ್ಫೇಟ್‌ನಲ್ಲಿ ಇಂಗಾಲ ಇಳಿಸಿ, ವ್ಯತ್ಯಾಸವನ್ನು 0.45ರಿಂದ ಭಾಗಿಸುತ್ತಾರೆ. ಒಟ್ಟು ಸಾವಯವ ಇಂಗಾಲದಲ್ಲಿ ಇದರ ಪಾಲು ಸಾಮಾನ್ಯವಾಗಿ ಶೇ 1ರಿಂದ 5. ಈ ಪಾಲು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಒಟ್ಟು ಇಂಗಾಲ ಇನ್ನೂ ಕದಲದಿದ್ದರೂ ದಾರಿ ಸರಿಯಿದೆ. ಉಸಿರಾಟವನ್ನು ಜೀವರಾಶಿಯಿಂದ ಭಾಗಿಸಿದ ಅಂಕಿಯೂ ಉಪಯುಕ್ತ. ಒತ್ತಡದಲ್ಲಿರುವ ಅಥವಾ ಕಲಕಿದ ಮಣ್ಣಿನಲ್ಲಿ ಅದು ಹೆಚ್ಚು, ಮಣ್ಣು ನೆಲೆಗೊಂಡಂತೆ ಇಳಿಯುತ್ತದೆ. ಬರೀ ಉಸಿರಾಟ ಹೆಚ್ಚಿತೆಂದು ಸಂತೋಷಪಡಬಾರದು ಎನ್ನುವುದು ಇದಕ್ಕೇ.

ಪ್ರಯೋಗಾಲಯವಿಲ್ಲದಿದ್ದರೆ ಚಹಾ ಚೀಲದ ವಿಧಾನ ಇದೆ. ಒಂದೇ ತಯಾರಿಕೆಯ ಹಸಿರು ಚಹಾ ಮತ್ತು ರೂಯ್‌ಬೋಸ್ (ನಿಧಾನವಾಗಿ ಕೊಳೆಯುವ, ದಕ್ಷಿಣ ಆಫ್ರಿಕಾದ ಕೆಂಪು ಚಹಾ) ಚೀಲಗಳನ್ನು ತೂಗಿ, 8 ಸೆಂ.ಮೀ. ಆಳದಲ್ಲಿ ಚೌಕಕ್ಕೆ ಎಂಟು ಜೋಡಿ ಹೂತು, 90 ದಿನದ ಮೇಲೆ ತೆಗೆದು, 70 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ ತೂಗಿ. ಬೇಗ ಕೊಳೆಯುವ ಹಸಿರು ಚಹಾ ಎಷ್ಟು ಉಳಿಯಿತು ಎಂಬುದು ಸ್ಥಿರವಾಗುವ ಭಾಗವನ್ನೂ, ರೂಯ್‌ಬೋಸ್ ಕರಗಿದ ವೇಗ ಕೊಳೆಯುವ ದರವನ್ನೂ ಹೇಳುತ್ತವೆ. ಅಂಟಿದ ಜೇಡಿಮಣ್ಣು, ಒಳಗೆ ನುಸುಳಿದ ಎಳೆಬೇರು ತೆಗೆಯದಿದ್ದರೆ ತೂಕ ಸುಳ್ಳು ಹೇಳುತ್ತದೆ.

ಡಿಎನ್‌ಎ ಪರೀಕ್ಷೆಗೆ ಬ್ಯಾಕ್ಟೀರಿಯಾಗೆ 16ಎಸ್, ಶಿಲೀಂಧ್ರಕ್ಕೆ ಐಟಿಎಸ್ ಎಂಬ, ಬಗೆಗಳನ್ನು ಗುರುತಿಸಲು ನೆರವಾಗುವ ಡಿಎನ್‌ಎ ಭಾಗ ಓದಿಸಿ. ಐಟಿಎಸ್‌ನಲ್ಲಿ ಅರ್ಬಸ್ಕುಲರ್ ಗುಂಪು ಸರಿಯಾಗಿ ಸಿಗುವುದಿಲ್ಲ, ಅದಕ್ಕೆ 18ಎಸ್ ಬೇರೆ ಮಾಡಿಸಬೇಕು. ಬರುವ ಅಂಕಿಗಳು ಪಾಲುಗಳೇ ಹೊರತು ಸಂಖ್ಯೆಗಳಲ್ಲ. ಒಂದು ಗುಂಪಿನ ಪಾಲು ಏರಿದ್ದು ಇನ್ನೊಂದು ಇಳಿದದ್ದರಿಂದಲೂ ಇರಬಹುದು. ಸತ್ತ ಜೀವಿಗಳ ಡಿಎನ್‌ಎಯೂ ಮಣ್ಣಿನಲ್ಲಿ ಉಳಿದಿರುತ್ತದೆ. ಇನ್ನೊಂದು ಮಾತು: ಬ್ಯಾಕ್ಟೀರಿಯಾದ ವೈವಿಧ್ಯ ಹೆಚ್ಚಿತೇ ಎಂಬುದು ಯಶಸ್ಸಿನ ಅಳತೆಯಲ್ಲ. ಪಿಎಚ್ 7ರ ಹೊಲದಲ್ಲಿ ಹುಳಿ ಮಣ್ಣಿನ ಕಾಡಿಗಿಂತ ಹೆಚ್ಚು ಬಗೆಗಳಿರಬಹುದು. ಹಳೆಯ ಕಾಡಿನ ಸಮುದಾಯಕ್ಕೆ ಎಷ್ಟು ಹತ್ತಿರ ಬಂದಿದೆ ಎಂದು ಕೇಳಿ.

## ನಿಂತುಹೋದರೆ

ಏಳೆಂಟು ವರ್ಷವಾದರೂ ನೆರಳು ಮುಚ್ಚಿಲ್ಲ, 0–5 ಸೆಂ.ಮೀ.ನಲ್ಲೂ ಜೀವರಾಶಿ ಮರವಿಲ್ಲದ ಪಾಳು ತುಂಡಿನಷ್ಟೇ ಇದೆ ಎಂದಾದರೆ ಮೊದಲು ತರಗೆಲೆ ನೋಡಿ: ಯಾರಾದರೂ ಗುಡಿಸುತ್ತಿದ್ದಾರೆಯೇ, ಗಾಳಿಗೆ ಹಾರುತ್ತಿದೆಯೇ? ಹಾರುತ್ತಿದ್ದರೆ ಕತ್ತರಿಸಿದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡವಾಗಿ ಹಾಕಿ. ಅದು ಬಿಳಿಕೊಳೆ ಶಿಲೀಂಧ್ರಕ್ಕೂ ನೆಲೆ. ತರಗೆಲೆ ದಪ್ಪವಾಗಿ ಕೂಡಿದ್ದೂ ಕೊಳೆಯದೆ ಚಾಪೆಯಂತೆ ಕಂತಿದ್ದರೆ ಸಮಸ್ಯೆ ಎಲೆಯ ಬಗೆಯದು. ಪೈನ್ ಅಥವಾ ನೀಲಗಿರಿಯ ಏಕಜಾತಿ ತೋಪಿನಲ್ಲಿ ಇದು ಸಾಮಾನ್ಯ. ಮೂರರಲ್ಲೊಂದು ಮರ ತೆಗೆದು, ಬೆಳಕು ಬಿದ್ದ ಜಾಗದಲ್ಲಿ ಮೃದು ಎಲೆಯ ಅಗಲೆಲೆ ಜಾತಿಗಳನ್ನು, ನರ್ಸರಿಯಲ್ಲೇ ಹೆಪ್ಪು ಹಾಕಿದ ಸಸಿಗಳಾಗಿ ನೆಡಿ.

ಮೇಲ್ಪದರ ಸುಧಾರಿಸಿ ಕೆಳಗಿನದು ಸುಮ್ಮನಿದ್ದರೆ ಒಂದು ಮರದ ಪಕ್ಕ ಮೊಣಕಾಲುದ್ದ ಗುಂಡಿ ತೋಡಿ ಬೇರು ನೋಡಿ. ಬೇರುಗಳು 20–25 ಸೆಂ.ಮೀ.ನಲ್ಲಿ ಅಡ್ಡ ತಿರುಗಿದ್ದರೆ ಗಟ್ಟಿ ಪದರ ಇನ್ನೂ ಇದೆ. ಈಗ ಯಂತ್ರ ತರಬೇಡಿ, ಸಿಕ್ಕ ಬೇರುಗಳೆಲ್ಲ ಹರಿಯುತ್ತವೆ. ಸಾಲಿನ ನಡುವೆ ಆಳಕ್ಕೆ ಬೇರಿಳಿಸುವ ತೊಗರಿಯಂಥ ಗಿಡ ಬಿತ್ತಿ, ಅದರ ಬೇರು ಸತ್ತು ಕೊಳೆತ ಕೊಳವೆಗಳಲ್ಲಿ ಮರದ ಬೇರು ಇಳಿಯಲು ಬಿಡಿ. ಬೇರು ಇಳಿದಿದ್ದೂ ಬದಲಾವಣೆ ಇಲ್ಲವೆಂದರೆ ಕಾಯುವುದೇ ಕೆಲಸ. ಆ ಆಳದ ಮಣ್ಣನ್ನು ಐದು ವರ್ಷಕ್ಕೊಮ್ಮೆ, ಮೇಲ್ಪದರವನ್ನು ಮೊದಲ ಹತ್ತು ವರ್ಷ ಎರಡು ವರ್ಷಕ್ಕೊಮ್ಮೆ ಅಳೆದರೆ ಸಾಕು.